ಊಟ ತೋರಿಸಿದ ಹುಡುಗಿ

ನಿಮ್ಮ ಮಗು ಮೊಟ್ಟಮೊದಲು ಆಡಿದ ಮಾತು ನಿಮಗೆ ನೆನಪಿದೆ. ಮನೆಗೆ ಬಂದ ನೆಂಟರಿಗೆಲ್ಲ ಅದನ್ನು ಹೇಳಿ ಹಿಗ್ಗಿದ್ದೀರಿ. ಪಕ್ಕದ ಓಣಿಯ ಮಗುವಿನ ಬಾಯಿಗೆ ಇಂದಿನವರೆಗೂ ಬಾರದೆ ಉಳಿದ ಮಾತು ಯಾವುದೆಂದು ಒಂದು ದಿನವಾದರೂ ವಿಚಾರಿಸಿದ್ದೀರಾ? ವಿಚಾರಿಸಿಲ್ಲವೆಂದೇ ಹಿಡಿದು ನಾನು ಇದನ್ನು ಬರೆಯುತ್ತಿದ್ದೇನೆ. ನಾನು ನಮ್ಮೂರ ಶಾಲೆಯಲ್ಲಿ ಅಕ್ಷರ ಕಲಿಸುವ ಮಾಸ್ತರ. ಆದರೂ ಇದು ಬಾಳವ್ವನ ಕಥೆ. ಅವಳು ಕಂಡದ್ದನ್ನೂ ನನ್ನ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಅವಳೇ ಹೇಳಿದ್ದನ್ನೂ ಒಂದೂ ಬಿಡದೆ ಇಲ್ಲಿ ಇಡುತ್ತೇನೆ.

ನಮ್ಮೂರ ಮಕ್ಕಳಿಗೆ ಮಾತು ಬರುವುದು ಕಣ್ಣಿನ ದಾರಿಯಿಂದ. ಅವ್ವ, ನೀರು, ಬಾ, ಹೊಟ್ಟೆ, ನೋವು, ಇಂಥ ಕೆಲವನ್ನು ತೊಟ್ಟಿಲೇ ಕೊಡುತ್ತದೆ. ಉಳಿದ ಪ್ರತಿಯೊಂದು ಪದವನ್ನೂ ಯಾರಾದರೂ ತುಟಿ ಬಿಚ್ಚದೆ ಮೈಯಲ್ಲಿ ಆಡಿ ತೋರಿಸಬೇಕು. ನೋಡುತ್ತ ಕುಳಿತ ಮಕ್ಕಳಲ್ಲಿ ಯಾರಾದರೊಬ್ಬರು ಅದನ್ನು ಊಹಿಸಿ ಕೂಗಬೇಕು. ಕೂಗಿದ ಕ್ಷಣವೇ ಅಲ್ಲಿ ಕುಳಿತು ನೋಡಿದ ಎಲ್ಲ ಮಕ್ಕಳ ನಾಲಿಗೆಗೂ ಆ ಪದ ಬಂದು ಕೂರುತ್ತದೆ. ಅದಕ್ಕೆ ಮುಂಚೆ ದೊಡ್ಡವರ ಬಾಯಲ್ಲಿ ಅದನ್ನು ಎಷ್ಟು ಸಲ ಕೇಳಿದ್ದರೂ, ನನ್ನ ಕರಿಹಲಗೆಯ ಮೇಲೆ ನೋಡಿ ದುಂಡಗೆ ಬರೆದಿದ್ದರೂ, ಮಗು ಅದನ್ನು ಆಡಲಾರದು. ತಿಳಿದಿರುವ ಪದಗಳನ್ನು ಮಕ್ಕಳು ತಪ್ಪಾಗಿ ಕೂಗುವುದುಂಟು, ದಿನವೂ ಕೂಗುತ್ತವೆ. ಆದರೆ ಎಂದೂ ಆಡದ ಪದವೊಂದು ಮಗುವಿನ ಬಾಯಿಂದ ಹೊರಬಿತ್ತೆಂದರೆ ಅದು ಸರಿಯೆಂದೇ ಅರ್ಥ. ನಮ್ಮೂರ ಚರಿತ್ರೆಯಲ್ಲಿ ಈ ಮಾತು ಒಮ್ಮೆಯೂ ಸುಳ್ಳಾದದ್ದಿಲ್ಲ.

ಇದಕ್ಕಾಗಿಯೇ ಊರ ನಡುವೆ ಬೇವಿನ ಮರದಡಿ ಒಂದು ತೋರುಗಟ್ಟೆಯಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳೆಲ್ಲ ಅದರ ಮುಂದೆ ಕೂರುತ್ತವೆ, ದೊಡ್ಡವರು ಹಿಂದೆ ನಿಲ್ಲುತ್ತಾರೆ. ಆ ದಿನದ ಪದವನ್ನು ಊರ ಹಿರಿಯರಾದ ಗುರುಸಂಗಪ್ಪನವರು ಬಾಳವ್ವನ ಕಿವಿಯಲ್ಲಿ ಹೇಳುತ್ತಾರೆ, ಬಾಳವ್ವ ಕಟ್ಟೆ ಹತ್ತುತ್ತಾಳೆ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡ ಅವಳನ್ನು ಊರು ಈ ಕೆಲಸಕ್ಕೆ ಹಚ್ಚಿತ್ತು. ದಿನಕ್ಕೊಂದು ಮನೆಯಿಂದ ಅವಳಿಗೆ ರೊಟ್ಟಿ ಪಲ್ಯ ಬರುತ್ತಿತ್ತು. ಈಗ ಊರಲ್ಲಿ ಮೀಸೆ ಹೊತ್ತು ತಿರುಗುವ ಗಂಡಸರೆಲ್ಲ ತಮ್ಮ ಮಾತನ್ನು ಅವಳ ಕೈಕಾಲುಗಳಿಂದ ಪಡೆದವರು.

ಅವಳ ಆಟವನ್ನು ನೀವು ನೋಡಬೇಕಿತ್ತು. ಒಂದು ಸಂಜೆ ಅವಳು ಇಲ್ಲದ ಬಟ್ಟಲಿನಿಂದ ಅಂಗೈಗೆ ಇಲ್ಲದ ಎಣ್ಣೆ ಸುರಿದುಕೊಂಡಳು, ಹೆಚ್ಚಾಯಿತೆಂದು ಮುಖ ಕಿವುಚಿದಳು, ಅಂಗೈಯಿಂದ ಮರಳಿ ಬಟ್ಟಲಿಗೆ ಬಸಿದಳು, ಉಳಿದ ಜಿಡ್ಡನ್ನು ತಲೆಗೂ ಹಚ್ಚದೆ ಮೂಸಿ ನೋಡಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

“ಮುದುಕಿ” ಎಂದಿತು ಒಂದು ಮಗು.

“ಕಳ್ಳ” ಎಂದಿತು ಇನ್ನೊಂದು.

“ನಮ್ಮ ಸೋದರಮಾವ” ಎಂದ ಮೂಲೆಯ ಹುಡುಗ. ಹಿಂದೆ ನಿಂತಿದ್ದ ಸೋದರಮಾವನನ್ನೇ ಎಲ್ಲರೂ ತಿರುಗಿ ನೋಡಿ ನಕ್ಕರು. ಬಾಳವ್ವ ನಗಲಿಲ್ಲ, ಗಂಟನ್ನು ಇನ್ನೂ ಬಿಗಿಯಾಗಿ ಕಟ್ಟಿದಳು. ಆಗ ಒಬ್ಬ ಹುಡುಗಿ ಎದ್ದು ನಿಂತು, “ಜಿಪುಣ” ಎಂದಳು. ಆ ರಾತ್ರಿ ಊರ ಪ್ರತಿ ಮನೆಯಲ್ಲೂ ಆ ಪದ ಓಡಾಡಿತು. ಮಕ್ಕಳು ತಂದೆತಾಯಿಗಳ ಮೇಲೆಯೇ ಅದನ್ನು ಮೊದಲು ಪ್ರಯೋಗಿಸಿ ನೋಡಿದರು.

ಆದರೆ ಒಂದು ಪದವನ್ನು ಗುರುಸಂಗಪ್ಪನವರು ಅವಳ ಕಿವಿಯಲ್ಲಿ ಎಂದೂ ಹೇಳಿರಲಿಲ್ಲ. ಅವರ ತಂದೆಯ ಕಾಲದಲ್ಲೇ ಅದನ್ನು ಕೈಬಿಡಲಾಗಿತ್ತು. ನನ್ನ ವಯಸ್ಸಿನವರ ಬಾಯಲ್ಲಿ ಅದು ಇದೆ, ಬಾಳವ್ವನ ಬಾಯಲ್ಲಿಯೂ ಇದೆ. ನಮ್ಮ ನಂತರ ಹುಟ್ಟಿದ ಒಬ್ಬರ ಬಾಯಲ್ಲೂ ಇಲ್ಲ. ಆ ಪದ ಹಸಿವು.

ಅದನ್ನು ಏಕೆ ಬಿಟ್ಟರೆಂದು ಊರಿನವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ತೋರುಗಟ್ಟೆಯ ಎದುರಿಗೇ ಊರ ಕಣಜವಿದೆ. ಸುಗ್ಗಿಯಲ್ಲಿ ಪ್ರತಿ ಮನೆಯೂ ಅದಕ್ಕೆ ಜೋಳ ಅಳೆಯುತ್ತದೆ. ಊರ ಮಗುವೊಂದು ಹಸಿವೆಂದ ದಿನ ಕಣಜದ ಬಾಗಿಲು ತೆರೆಯಬೇಕು, ಮಕ್ಕಳೆಲ್ಲ ಉಂಡ ಮೇಲೆಯೇ ಮುಚ್ಚಬೇಕು ಎಂದು ಹಿಂದಿನವರು ಕಟ್ಟಳೆ ಮಾಡಿದ್ದರು. ದೊಡ್ಡವರ ಮಾತಿಗೆ ಅದು ತೆರೆಯುವುದಿಲ್ಲ; ದೊಡ್ಡವರು ಬಾಯಿಗೆ ಬಂದದ್ದನ್ನು ಆಡುತ್ತಾರೆಂದು ಆ ಹಿರಿಯರಿಗೆ ಗೊತ್ತಿತ್ತು. ಮಗು ಮಾತ್ರ ಕಂಡದ್ದನ್ನು ಆಡುತ್ತದೆ. ಒಂದು ತಲೆಮಾರು ಈ ಕಟ್ಟಳೆ ನಡೆಯಿತು. ಮುಂದಿನ ತಲೆಮಾರಿನವರು ಕಟ್ಟಳೆಯನ್ನು ಮುರಿಯಲಿಲ್ಲ, ಅವರು ಮರ್ಯಾದಸ್ತರು; ಪದವನ್ನು ತೋರಿಸುವುದನ್ನಷ್ಟೇ ನಿಲ್ಲಿಸಿದರು. ಅಂದಿನಿಂದ ಕಣಜದ ಜೋಳ ವರ್ಷವರ್ಷವೂ ಮಾರಾಟವಾಗಿ ಊರಿಗೆ ಕಮಾನು ಬಂತು, ಕಮಾನಿಗೆ ಬಣ್ಣ ಬಂತು, ಕೊನೆಗೆ ಮಕ್ಕಳ ಹೊಟ್ಟೆನೋವಿಗೆಂದೇ ಒಂದು ಧರ್ಮದ ಔಷಧಾಲಯವೂ ಬಂತು.

ಹೊಟ್ಟೆನೋವು ನಮ್ಮೂರಲ್ಲಿ ಅಷ್ಟೊಂದಿತ್ತು. ಅದರಲ್ಲೂ ಭಟ್ಟಿ ಓಣಿಯಲ್ಲಿ. ಇಟ್ಟಿಗೆ ಭಟ್ಟಿಗೆ ನಸುಕಿನಲ್ಲೇ ಹೋಗುವ ತಂದೆತಾಯಿಗಳ ಮಕ್ಕಳು ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹೊಟ್ಟೆ ಹಿಡಿದು ಕೂರುತ್ತಿದ್ದವು. ಏನಾಯಿತೆಂದು ಕೇಳಿದರೆ ಹೇಳಲು ಅವುಗಳ ಬಳಿ ಇದ್ದ ಪದಗಳು ಎರಡೇ: ಹೊಟ್ಟೆ ಮತ್ತು ನೋವು. ಅವನ್ನೇ ಜೋಡಿಸಿ ಹೇಳುತ್ತಿದ್ದವು. ನಾನು ಸಭೆಯಲ್ಲಿ ಎದ್ದು ನಿಂತು, ಇದು ನೋವಲ್ಲ, ಇದರ ಹೆಸರು ಬೇರೆ ಎಂದು ಹೇಳಿದ್ದೇನೆ. ಸಭೆ ನನ್ನ ಮಾತನ್ನು ಬಹಳ ಗೌರವದಿಂದ ಕೇಳಿತು. ಆಮೇಲೆ ಔಷಧಾಲಯಕ್ಕೆ ಒಂದು ಹೊಸ ಬೆಂಚು ಮಂಜೂರು ಮಾಡಿತು.

ಬಾಳವ್ವ ಆ ಬೆಂಚಿನ ಮೇಲೆ ಕುಳಿತದ್ದು ತನ್ನ ಮೊಣಕಾಲು ನೋವಿಗೆ. ಅವಳ ಪಕ್ಕದಲ್ಲಿ ನನ್ನ ಶಾಲೆಯ ಫಕೀರವ್ವ ತನ್ನ ತಮ್ಮ ಮೈಲಾರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ನಡೆಯುವ ವಯಸ್ಸು ಬಂದಿದ್ದರೂ ಮೈಲಾರಿ ನಡೆಯುತ್ತಿರಲಿಲ್ಲ. ಅವನ ಕುತ್ತಿಗೆ ಅಕ್ಕನ ಮೊಣಕೈಯ ಮೇಲೆ ಒಣಗಿದ ಬಳ್ಳಿಯಂತೆ ಬಿದ್ದಿತ್ತು. ಕಂಪೌಂಡರ್ ವಿರೂಪಣ್ಣ ಸೀಸೆ ಅಲುಗಾಡಿಸುತ್ತ ಬಂದ.

“ಏನವಾ, ಮತ್ತ ಹೊಟ್ಟಿನೋವ?”

“ಹೂಂರಿ.”

“ತಗಿ ಅವನ ಬಾಯಿ.” ಚಮಚದಲ್ಲಿ ಔಡಲೆಣ್ಣೆ ಇಳಿಯಿತು. “ಸೋಮವಾರಕ್ಕ ಕಡಿಮಿ ಆಗ್ಲಿಲ್ಲಂದ್ರ ಎರಡು ಚಮಚ ಹಾಕೂಣು. ಹೊಟ್ಟಿ ಸ್ವಚ್ಛ ಆಗ್ಬೇಕು ನೋಡು.”

ಬಾಳವ್ವ ಮೈಲಾರಿಯ ಹೊಟ್ಟೆಯನ್ನು ನೋಡಿದಳು. ಏನೂ ಇಲ್ಲದ ಹೊಟ್ಟೆಯಿಂದ ಇನ್ನೇನನ್ನು ಸ್ವಚ್ಛ ಮಾಡುವುದು? ಹೋದ ಚಳಿಗಾಲದಲ್ಲಿ ಭಟ್ಟಿ ಓಣಿಯ ಇನ್ನೊಂದು ಕೂಸು ಹೊಟ್ಟೆನೋವಿನಿಂದ ತೀರಿಕೊಂಡಿತೆಂದು ಊರೆಲ್ಲ ಮಾತಾಡಿಕೊಂಡಿತ್ತು. ಅದಕ್ಕೂ ಎರಡು ಚಮಚ ಹಾಕಿದ್ದರು. ಸೋಮವಾರ ಬಂದರೆ ಈ ಕೂಸೂ ಉಳಿಯುವುದಿಲ್ಲವೆಂದು ಅವಳಿಗೆ ಎದೆ ಹೇಳಿತು.

ಹೊರಗೆ ಬಂದಾಗ ಫಕೀರವ್ವ ಅವಳ ಸೆರಗು ಹಿಡಿದು ನಿಲ್ಲಿಸಿದಳು. “ಆಯಿ, ನೀ ಎಲ್ಲಾ ಪದ ಬಲ್ಲಾಕಿ. ಒಂದು ಕೇಳ್ಲೇನು?”

“ಕೇಳವಾ.”

“ಇದು ನೋವಲ್ಲ ಆಯಿ. ನೋವಿನಂಗ ಐತಿ, ಆದರ ನೋವಲ್ಲ. ನೋವು ಒಂದ ಕಡೆ ಇರತೈತಿ. ಇದು ಹೊಟ್ಟ್ಯಾಗ ಸುರುವಾಗಿ ಕಣ್ಣಿಗಿ ಬರತೈತಿ, ಕಾಲಿಗಿ ಬರತೈತಿ. ಬ್ಯಾರೇದವರ ಮನಿ ಒಗ್ಗರಣಿ ವಾಸನಿ ಬಂದ್ರ ಸಿಟ್ಟು ಬರತೈತಿ. ಇದಕ್ಕ ಏನಂತಾರ?”

ಬಾಳವ್ವ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಆ ಪದವನ್ನು ಹೇಳಿದಳು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಹುಡುಗಿಯ ಬಾಯಿ ತೆರೆಯಿತು, ತುಟಿಗಳು ಆ ಆಕಾರಕ್ಕೆ ಬಂದವು, ಉಸಿರಷ್ಟೇ ಹೊರಗೆ ಬಂತು. ಮತ್ತೊಮ್ಮೆ ಪ್ರಯತ್ನಿಸಿ, ತಲೆ ಅಲ್ಲಾಡಿಸಿ, ತಮ್ಮನನ್ನು ಇನ್ನೊಂದು ಸೊಂಟಕ್ಕೆ ಏರಿಸಿಕೊಂಡು ಹೊರಟುಹೋದಳು.

ಬಾಳವ್ವ ಅಲ್ಲಿಂದ ನೇರ ಗುರುಸಂಗಪ್ಪನವರ ಮನೆಗೆ ಹೋದಳು. ಅವರು ಜಗುಲಿಯಲ್ಲಿ ಅಡಕೊತ್ತಿನಿಂದ ಅಡಕೆ ಕತ್ತರಿಸುತ್ತ ಕುಳಿತಿದ್ದರು. ಸಂಜೆ ಕಟ್ಟೆಗೆ ಬರುವಾಗ ಮಕ್ಕಳಿಗೆಂದು ಕಿಸೆಯಲ್ಲಿ ಬೆಲ್ಲದ ಚೂರು ತರುವ ಮನುಷ್ಯ ಅವರು. ಕೆಟ್ಟವರೆಂದು ಯಾರೂ ಅನ್ನುವಂತಿರಲಿಲ್ಲ.

“ಸಾವ್ಕಾರ್ರ, ಒಂದು ಪದ ತೋರಸಬೇಕಂತ ಮಾಡೀನ್ರಿ” ಎಂದು ಅದನ್ನು ಹೆಸರಿಸಿದಳು.

ಅಡಕೊತ್ತು ನಿಲ್ಲಲಿಲ್ಲ. “ಬಾಳವ್ವ, ಬಯ್ಗುಳಾನೂ ನಾವು ಕಟ್ಟಿ ಮ್ಯಾಲ ತೋರ್ಸೂದಿಲ್ಲ, ಹುಡುಗ್ರ ಬಾಯಿ ಹೊಲಸಾಗತಾವು ಅಂತ. ಇದೂ ಹಂಗ.”

“ಬಯ್ಗುಳ ಹೊಟ್ಟ್ಯಾಗ ಹುಟ್ಟೂದಿಲ್ರಿ.”

“ಪದ ಬಂತಂದ್ರ ಅದರ ಬೆನ್ನಿಗಿ ಆ ಬ್ಯಾನೀನೂ ಬರತೈತಿ. ಪದಾನ ಇಲ್ಲಂದ್ರ ಹುಡುಗ್ರು ಒಂದೀಟು ಹೊಟ್ಟಿನೋವು ಅಂತಾವು, ಔಷಧ ಕುಡೀತಾವು, ಆಡಾಕ ಹೋಗತಾವು. ಸುತ್ತಿನ ಊರಾಗೆಲ್ಲ ಆ ಬ್ಯಾನಿ ಐತಿ, ನಮ್ಮೂರಾಗ ಇಲ್ಲ. ಬ್ಯಾರೆ ಊರಿಂದ ಬಂದವರು ಹುಡುಗ್ರನ್ನ ಕೇಳಿ ನೋಡ್ಯಾರ. ಒಂದಾದರೂ ಹೌದಂದೈತೇನು?”

“ಹೆಂಗ ಅಂತಾವ್ರಿ, ಬಾಯಾಗ ಪದ ಇಲ್ಲದ? ಆ ಔಷಧ ಅಂದ್ರ ಔಡಲೆಣ್ಣಿರಿ. ಹೊಟ್ಟ್ಯಾಗ ಇರೂ ನಾಲ್ಕು ಅಗಳನ್ನೂ ಕಳೀತೈತಿ.”

“ನೀ ಡಾಕ್ಟ್ರ ಯಾವಾಗ ಆದಿ?” ಎಂದು ಅವರು ನಕ್ಕು, ಒಳಗಿನಿಂದ ಅವಳಿಗೆ ಒಂದು ರೊಟ್ಟಿ ತರಿಸಿಕೊಟ್ಟರು. ಅವಳು ಅದನ್ನು ಭಟ್ಟಿ ಓಣಿಗೆ ಒಯ್ದು ಫಕೀರವ್ವನ ಕೈಯಲ್ಲಿಟ್ಟಳು. ಒಂದು ರೊಟ್ಟಿ ಇಡೀ ಓಣಿಗೆ ಏನಾದೀತು?

ಆ ಸಂಜೆ ಬಾಳವ್ವನ ಕಿವಿಯಲ್ಲಿ ಹೇಳಿದ ಪದ ಬೇರೆ. ಅವಳು ತೋರಿಸಹೊರಟ ಪದ ಬೇರೆ. ಕಟ್ಟೆಯ ಮೇಲೆ ಬಾಳವ್ವ ಹೊಟ್ಟೆಯ ಮೇಲೆ ಕೈಯಿಟ್ಟು ಬಗ್ಗಿದಳು. “ಹೊಟ್ಟಿನೋವು” ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದವು. ಅವಳು ಅಲ್ಲವೆಂದು ತಲೆಯಾಡಿಸಿ ಕೆನ್ನೆ ಒಳಗೆಳೆದುಕೊಂಡು ಕಣ್ಣು ತೇಲಿಸಿದಳು. “ಜ್ವರ.” “ಮುಪ್ಪು.” ಇಲ್ಲದ ಗೋಡೆಗೆ ಕೈಯಾನಿಸಿ ತೂರಾಡುತ್ತ ನಡೆದಳು. “ಕುಡುಕ.” ಹೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಕುಸಿದು ಕುಳಿತಾಗ ಒಬ್ಬ ಹುಡುಗ, “ಬಸುರಿ” ಎಂದ. ಗಂಡಸರು ಗೊಳ್ಳೆಂದು ನಕ್ಕರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮರುಕದಿಂದ, “ಆಯಿ, ಇವತ್ತ ನಿನಗ ಬರವಲ್ದು ಬಿಡು” ಎಂದಳು.

ಕಟ್ಟೆಯ ಮೇಲೆಯೇ ಬಾಳವ್ವನಿಗೆ ಅರ್ಥವಾಯಿತು. ಪ್ರಾಯದಿಂದ ಮುಪ್ಪಿನವರೆಗೆ ಅವಳ ಪಾಲಿನ ರೊಟ್ಟಿ ಒಂದು ದಿನವೂ ತಪ್ಪಿರಲಿಲ್ಲ. ಪದ ಅವಳ ನಾಲಿಗೆಯಲ್ಲಿತ್ತು, ಮೈಯಲ್ಲಿ ಉಳಿದಿರಲಿಲ್ಲ. ಅವಳು ತೋರಿಸಿದ್ದು ಹಸಿದವರನ್ನು ದೂರದಿಂದ ನೋಡಿದವರ ಆಟ. ಮಕ್ಕಳ ಕಣ್ಣಿಗೆ ಅಂಥ ಆಟ ಸಾಲದು.

ಗುರುಸಂಗಪ್ಪನವರಿಗೂ ಅವಳು ತೋರಿಸಹೊರಟದ್ದು ಯಾವುದೆಂದು ತಿಳಿದಿತ್ತು. ಅವರು ದನಿಯೇರಿಸಲಿಲ್ಲ. “ಬಾಳವ್ವಗ ವಯಸ್ಸಾತು, ದಣದಾಳ. ಇನ್ನ ಮ್ಯಾಲ ಹುಡುಗ್ರ ತೋರಸ್ಲಿ. ಆಕಿಗಿ ಬರೂ ರೊಟ್ಟಿ ತಪ್ಪೂದಿಲ್ಲ” ಎಂದರು. ಬಾಳವ್ವ ಕಟ್ಟೆಯ ಮೆಟ್ಟಿಲನ್ನು ಕೈಯೂರಿ ಇಳಿದಳು. ಮರುದಿನದಿಂದ ಅವಳು ಆ ರೊಟ್ಟಿಯನ್ನು ಮುಟ್ಟಲಿಲ್ಲ. ಭಟ್ಟಿ ಓಣಿಯತ್ತ ಕೈ ತೋರಿಸಿ ತಂದವರನ್ನು ಅಲ್ಲಿಗೆ ಕಳಿಸಿದಳು.

ಆ ಭಾನುವಾರ ಹೊಸ ಮಕ್ಕಳು ಕಟ್ಟೆಯ ಮುಂದೆ ಕೂರುವ ದಿನ. ವರ್ಷಕ್ಕೊಮ್ಮೆ, ತೊಟ್ಟಿಲ ಮಾತು ಮುಗಿದ ಪುಟ್ಟ ಮಕ್ಕಳನ್ನು ಹೊಸ ಅಂಗಿ ಹಾಕಿಸಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಅವಕ್ಕೆ ಕೊಡುವ ಮೊದಲ ಪದ ಊಟ. ಎಲ್ಲಕ್ಕಿಂತ ಸುಲಭದ ಪದ. ಯಾರು ತೋರಿಸಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಯಾವುದೋ ಮಗು ಕೂಗಿಬಿಡುತ್ತದೆ. ಅಂದು ಊರಿಗೆ ಊರೇ ಸೇರಿತ್ತು. ಗುರುಸಂಗಪ್ಪನವರು ಮಕ್ಕಳ ಗುಂಪಿನ ಮೇಲೆ ಕಣ್ಣಾಡಿಸಿ ಫಕೀರವ್ವನನ್ನು ಕರೆದರು. ಭಟ್ಟಿ ಓಣಿಯ ಬಗ್ಗೆ ಬಾಳವ್ವನೂ ನಾನೂ ಹಬ್ಬಿಸಿದ ಮಾತಿಗೆ ಇದೇ ತಕ್ಕ ಉತ್ತರವೆಂದು ಅವರಿಗೆ ತೋರಿರಬೇಕು. “ನಿಮ್ಮ ಓಣಿ ಹುಡುಗ್ರು ಹೆಂಗ ಉಣ್ತಾವು ಅನ್ನೂದು ಎಲ್ಲಾರೂ ನೋಡ್ಲಿ. ದಿನಾ ಉಣ್ಣೂವಂಗ ಉಂಡು ತೋರಸವಾ, ಮತ್ತೇನಿಲ್ಲ” ಎಂದು ಅವಳ ಕಿವಿಯಲ್ಲಿ ಪದ ಹೇಳಿದರು.

ಫಕೀರವ್ವ ಮೈಲಾರಿಯನ್ನು ಬಾಳವ್ವನ ತೊಡೆಗಿಟ್ಟು ಕಟ್ಟೆ ಹತ್ತಿದಳು. ದಿನವೂ ಉಣ್ಣುವಂತೆ ಉಂಡು ತೋರಿಸಲು ಅವಳಿಗೆ ಹೇಳಿದ್ದರು. ಹೇಳಿದ್ದನ್ನು ಕೇಳುವ ಹುಡುಗಿ ಅವಳು.

ಮೊದಲು ಅವಳು ಸುತ್ತ ನೋಡಿದಳು. ಆಮೇಲೆ ಎಲ್ಲರಿಗೂ ಬೆನ್ನು ತಿರುಗಿಸಿ ಕುಳಿತಳು.

“ಈ ಕಡೆ ತಿರುಗವಾ, ಸಣ್ಣ ಮಕ್ಕಳಿಗೆ ಕಾಣಬೇಕಲ್ಲ” ಎಂದರು ಗುರುಸಂಗಪ್ಪನವರು. ಅವಳು ಹಿಂಜರಿದಳು. ಶಾಲೆಯಲ್ಲಿ ಮಧ್ಯಾಹ್ನದ ಹೊತ್ತು ಅವಳನ್ನು ಯಾರೂ ಎದುರಿನಿಂದ ನೋಡಿರಲಿಲ್ಲ. ಕೊನೆಗೆ ಕೂತಲ್ಲೇ ತಿರುಗಿದಳು.

ಇಲ್ಲದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಮುಚ್ಚಳವನ್ನು ಬೆರಳು ತೂರುವಷ್ಟೇ ಸರಿಸಿದಳು. ಒಳಗೆ ಯಾರೂ ಇಣುಕಬಾರದು. ಬೆರಳುಗಳು ಒಳಗೆ ಹೋಗಿ ತಳವನ್ನು ಸವರಿದವು, ಸವರಿದ್ದನ್ನೇ ಮತ್ತೆ ಸವರಿದವು. ಕೈ ಬಾಯಿಗೆ ಬಂತು. ಅವಳು ಅಗಿದಳು. ಬಹಳ ಹೊತ್ತು ಅಗಿದಳು, ಪಕ್ಕದವರ ಊಟ ಮುಗಿಯುವವರೆಗೂ ತನ್ನದು ಮುಗಿಯಬಾರದೆಂಬಂತೆ ಅಗಿದಳು. ಗಂಟಲು ಮೇಲೇರಿ ಇಳಿಯಿತು. ನುಂಗಲು ಅಲ್ಲಿ ಏನೂ ಇರಲಿಲ್ಲವೆಂದು ಹಿಂದಿನ ಸಾಲಿನಲ್ಲಿ ನಿಂತಿದ್ದ ನನಗೂ ಕಂಡಿತು. ಪಕ್ಕದಲ್ಲಿ ಇಲ್ಲದ ಯಾರೋ ಇಲ್ಲದ ತುತ್ತನ್ನು ನೀಡಿದರು. ಅವಳು ಬೇಡವೆಂದು ಕೈಯಾಡಿಸಿ, ಹೊಟ್ಟೆ ತುಂಬಿದೆಯೆಂದು ಸವರಿ ತೋರಿಸಿ ನಕ್ಕಳು. ನಗುವಾಗ ಅವಳ ಕಣ್ಣು ಆ ತುತ್ತು ಮರಳಿ ಹೋದ ದಾರಿಯನ್ನೇ ನೋಡುತ್ತಿತ್ತು. ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದಳು. ಎದ್ದು ಇಲ್ಲದ ನಲ್ಲಿಯ ಬಳಿ ಹೋಗಿ ಒಣಗಿದ್ದ ಕೈಯನ್ನು ಚೆನ್ನಾಗಿ ತೊಳೆದು, ಬೊಗಸೆ ಬೊಗಸೆ ನೀರು ಕುಡಿದು, ಲಂಗದ ಅಂಚಿನಿಂದ ಬಾಯಿ ಒರೆಸಿಕೊಂಡಳು. ಯಾರಾದರೂ ನೋಡಿದರೇನೋ ಎಂದು ಮತ್ತೊಮ್ಮೆ ಸುತ್ತ ನೋಡಿದಳು.

ಕಟ್ಟೆಯ ಮುಂದೆ ಒಂದು ಮಗುವೂ ಕೂಗಲಿಲ್ಲ. ಹೊಸ ಅಂಗಿಯ ಪುಟ್ಟ ಮಕ್ಕಳು ಬಾಯಿ ತೆರೆದವು, ಊಟ ಎಂಬ ಪದ ಬರಲಿಲ್ಲ. ತಾಯಂದಿರು ಹಿಂದಿನಿಂದ ಬಾಯಾಡಿಸಿ ಸನ್ನೆ ಮಾಡಿದರೂ ಬರಲಿಲ್ಲ. ಎರಡನೆಯ ಸಾಲಿನಲ್ಲಿ ಗುರುಸಂಗಪ್ಪನವರ ಮೊಮ್ಮಗಳು ನೀಲಾಂಬಿಕೆ ಕುಳಿತಿದ್ದಳು. ಶಾಲೆಯಲ್ಲಿ ಫಕೀರವ್ವನ ಪಕ್ಕದ ಜಾಗ ಅವಳದು. ತುತ್ತು ನೀಡುತ್ತಿದ್ದವಳೂ ಬೇಡವೆನಿಸಿಕೊಳ್ಳುತ್ತಿದ್ದವಳೂ ಅವಳೇ. ಅವಳು ಎದ್ದು ನಿಂತಳು.

“ಹಸಿವು” ಎಂದಳು.

ಊರ ದೊಡ್ಡವರೆಲ್ಲ ಗೋಣು ತಗ್ಗಿಸಿದರು. “ತಪ್ಪು. ಪದ ಅದಲ್ಲ” ಎಂದರು ಗುರುಸಂಗಪ್ಪನವರು. ಆದರೆ ಅವರ ದನಿ ಮುಗಿಯುವುದರೊಳಗೆ ಮುಂದಿನ ಸಾಲಿನ ತೊದಲು ಬಾಯಿಗಳು ಅದನ್ನೇ ಅಂದವು. ಭಟ್ಟಿ ಓಣಿಯ ಮಕ್ಕಳು ಅಂದವು, ಮೆಲ್ಲಗೆ, ಬಾಯಲ್ಲಿ ಹೊರಳಿಸಿ ರುಚಿ ನೋಡುವಂತೆ ಅಂದವು. ತಪ್ಪು ಪದ ನಮ್ಮೂರಲ್ಲಿ ಹೊಸ ನಾಲಿಗೆಗೆ ಬರುವುದಿಲ್ಲವೆಂದು ಗುರುಸಂಗಪ್ಪನವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕೊನೆಯಲ್ಲಿ ಫಕೀರವ್ವನ ಬಾಯಿ ತೆರೆಯಿತು. ಅವಳು ಕಟ್ಟೆಯ ಅಂಚಿಗೆ ಬಂದು ಬಾಳವ್ವನನ್ನು ಹುಡುಕಿ ನೋಡಿದಳು.

“ಆಯಿ, ಇದ ಅದು” ಎಂದಳು. “ನನಗ ಹಸಿವಾಗೇತಿ. ಮೈಲಾರಿಗೂ ಹಸಿವಾಗೇತಿ. ಅವಗ ಹೊಟ್ಟಿನೋವಿಲ್ಲ.”

ಬಾಳವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. ಅವಳೂ ಊಟ ಬಿಟ್ಟವಳೇ. “ಸಾವ್ಕಾರ್ರ, ಊರ ಮಗಳು ಅಂದಾಳ್ರಿ” ಎಂದಳು. ಅಷ್ಟೇ. ಗುರುಸಂಗಪ್ಪನವರು ಕಮಾನಿನ ಕಡೆ ನೋಡಿದರು, ಔಷಧಾಲಯದ ಕಡೆ ನೋಡಿದರು, ಹಿರಿಯರೊಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲಿಯೂ ಅವರಿಗೆ ಬೇಕಾದದ್ದು ಕಾಣಲಿಲ್ಲ. ನೀಲಾಂಬಿಕೆ ಸಾಲು ದಾಟಿ ಬಂದು ಅವರ ಮುಂದೆ ನಿಂತಳು.

“ಮುತ್ಯಾ, ಕೀಲಿಕೈ ಎಲ್ಲೈತಿ?”

ಅವರು ಕಿಸೆಗೆ ಕೈ ಹಾಕಿದರು. ಬೆಲ್ಲದ ಚೂರುಗಳ ಜೊತೆಗೆ ಕೀಲಿಕೈ ಬಂತು. ಅದನ್ನು ಬಾಳವ್ವನಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ಮೊಮ್ಮಗಳ ಅಂಗೈಗೆ ಹಾಕಿ ಮುಖ ಆಚೆ ತಿರುಗಿಸಿದರು. ಮಾರುವ ಜೋಳ ಹಿಂಬಾಗಿಲಿನಿಂದ ಹೋಗುತ್ತಿದ್ದುದರಿಂದ ಕಣಜದ ಮುಂಬಾಗಿಲಿನ ಚಿಲಕ ತುಕ್ಕು ಹಿಡಿದಿತ್ತು. ಗಂಡಸರು ಕಲ್ಲಿನಿಂದ ಬಡಿದು ತೆರೆದರು. ಮಾರಿ ಉಳಿದ ಜೋಳ ಒಂದು ಮೂಲೆಯಲ್ಲಿತ್ತು. ಮೊದಲ ಮೊರದಷ್ಟನ್ನು ಆ ಸಂಜೆಯೇ ಬೀಸಿ, ಬಾಳವ್ವ ತೆಳ್ಳಗೆ ಅಂಬಲಿ ಕಾಸಿ, ಬೆರಳ ತುದಿಯಿಂದ ಮೈಲಾರಿಯ ತುಟಿಗೆ ಸವರಿದಳು. ಅವನು ಬೆರಳನ್ನು ಚೀಪಿದ. ಆಮೇಲೆ ಬಿಡಲಿಲ್ಲ. ಸೋಮವಾರ ಅವನನ್ನು ಔಷಧಾಲಯಕ್ಕೆ ಯಾರೂ ಒಯ್ಯಲಿಲ್ಲ. ಈಗ ಅವನು ಗೋಡೆ ಹಿಡಿದು ನಡೆಯುತ್ತಾನೆ. ಹೋದ ಚಳಿಗಾಲದಲ್ಲಿ ಸತ್ತ ಕೂಸಿನ ತಾಯಿ ಅಂದು ಕಣಜದ ಬಾಗಿಲ ಬಳಿ ಬಂದು ನಿಂತಿದ್ದಳು. ಆ ತಾಯಿಯೂ ನಮ್ಮ ನಂತರ ಹುಟ್ಟಿದವಳು. ತನ್ನ ಕೂಸು ಯಾವುದರಿಂದ ಹೋಯಿತೆಂದು ಹೇಳುವ ಪದ ಅವಳಿಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಕಟ್ಟೆ ಕೊಡುವುದು ಮಕ್ಕಳಿಗೆ ಮಾತ್ರ.

ಇದು ನಮ್ಮೂರ ಸಂಗತಿ, ನಿಮಗೆ ಸಂಬಂಧವಿಲ್ಲವೆಂದು ಪುಟ ಮಗುಚಬೇಡಿ. ನಿಮ್ಮೂರಲ್ಲಿ ಎಲ್ಲ ಮಕ್ಕಳ ಬಾಯಲ್ಲೂ ಆ ಪದವಿದೆ. ಯಾವ ಸಾವ್ಕಾರನೂ ಅದನ್ನು ತಡೆದಿಲ್ಲ. ಆದರೂ ಹೊಟ್ಟೆನೋವೆಂದು ಹೇಳಿ ತರಗತಿಯ ಮೂಲೆಯಲ್ಲಿ ತಲೆಯೂರಿ ಮಲಗುವ ಮಕ್ಕಳು ನಿಮ್ಮಲ್ಲಿಯೂ ಇದ್ದಾರೆ. ನೀವು ಅವರಿಗೆ ಮಾತ್ರೆ ಕೊಟ್ಟು ಕಳಿಸುತ್ತೀರಿ. ಪದ ಕೊಟ್ಟರೆ ಸಾಕೆಂದು ನೀವು ತಿಳಿದಿದ್ದರೆ, ಕೇಳುವ ಕಿವಿಯನ್ನು ಎಲ್ಲಿ ಬಿಟ್ಟಿರಿ? ನಾಳೆ ಮಧ್ಯಾಹ್ನ ನಿಮ್ಮ ಕೆಲಸವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಹತ್ತಿರದ ಶಾಲೆಗೆ ಹೋಗಿ. ಮಕ್ಕಳು ಡಬ್ಬಿ ಬಿಚ್ಚುವ ಹೊತ್ತಿಗೆ ಹೋಗಿ. ಬೆನ್ನು ತಿರುಗಿಸಿ ಕುಳಿತ ಮಗುವನ್ನು ಹುಡುಕಿ, ನಿಮ್ಮ ಡಬ್ಬಿಯನ್ನು ಒಯ್ದು ಅದರ ಎದುರು ನೆಲದ ಮೇಲೆ ಕುಳಿತುಕೊಳ್ಳಿ. ಬೇಡವೆಂದು ಅದು ಕೈಯಾಡಿಸುತ್ತದೆ, ನಗುತ್ತದೆ; ಅದನ್ನು ನಂಬಬೇಡಿ. ಮುಚ್ಚಳ ತೆರೆದು ಅದರ ಮುಂದಿಡಿ, ಅದು ಉಂಡು ಏಳುವವರೆಗೆ ಅಲ್ಲಿಂದ ಏಳಬೇಡಿ.